ಜಪಾನಿನ ಮೊದಲ ಸೊನಾಟಾ ಮತ್ತು ಅದನ್ನು ಬರೆದ ನೊಬು ಕೋದಾ

ಜಪಾನಿನವರೊಬ್ಬರು ಪಾಶ್ಚಾತ್ಯ ಶಾಸ್ತ್ರೀಯ ಪದ್ಧತಿಯಲ್ಲಿ ಬರೆದ ಮೊಟ್ಟಮೊದಲ ವಾದ್ಯಕೃತಿ ಯಾವುದು ಎಂದರೆ ಬಹುಕಾಲ ಒಂದೇ ಉತ್ತರ ಸಿಗುತ್ತಿತ್ತು: ತಾಕಿ ರೆಂತಾರೊ 1900ರಲ್ಲಿ ಪಿಯಾನೊಗೆಂದು ಬರೆದ ಮಿನುಯೆಟ್ ಎಂಬ ನೃತ್ಯಲಯದ ಪುಟ್ಟ ಕೃತಿ. 23ನೇ ವಯಸ್ಸಿಗೇ ತೀರಿಕೊಂಡ ತಾಕಿಯವರ ಹೆಸರು ಅಲ್ಲಿ ಮನೆಮಾತು. ಆದರೆ ಆ ಮಿನುಯೆಟ್‌ಗೂ ಐದು ವರ್ಷ ಮೊದಲೇ, 1895ರಲ್ಲಿ, ವಿಯೆನ್ನಾದಲ್ಲಿ ಓದುತ್ತಿದ್ದ 25ರ ಹೆಣ್ಣುಮಗಳೊಬ್ಬರು ಪಿಟೀಲು ಮತ್ತು ಪಿಯಾನೊ ಜೊತೆಯಾಗಿ ನುಡಿಸಲೆಂದು ಇ-ಫ್ಲ್ಯಾಟ್ ಮೇಜರ್ ಶ್ರುತಿಯಲ್ಲಿ ಸೊನಾಟಾ ಎಂಬ ಪ್ರಕಾರದ, ಮೂರು ಭಾಗಗಳ ವಾದ್ಯಕೃತಿ ಬರೆದಿದ್ದರು. ಅವರ ಹೆಸರು ನೊಬು ಕೋದಾ. ಮುಂದೆ ತಾಕಿಗೆ ಪಾಠ ಹೇಳಿದ ಗುರುವೂ ಅವರೇ.

ಶಿಷ್ಯ ಉಳಿದರು, ಗುರುವಿನ ಕೃತಿ ಮರೆಯಾಯಿತು. ಹೆಣ್ಣೆಂಬ ಕಾರಣಕ್ಕೆ ಹೀಗಾಯಿತು ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡಬಹುದು. ಅದರಲ್ಲಿ ನಿಜವೂ ಇದೆ, ಆದರೆ ಅದಿಷ್ಟೇ ನಿಜವಲ್ಲ. ಪಾಶ್ಚಾತ್ಯ ಸಂಗೀತ ಜಪಾನಿಗೆ ಯಾವ ದಾರಿಯಲ್ಲಿ ಬಂತು, ಯಾರು ತಂದರು, ಯಾಕಾಗಿ ತಂದರು ಎಂಬುದನ್ನು ನೋಡದೆ ನೊಬು ಅವರ ಬದುಕು ಅರ್ಥವಾಗುವುದಿಲ್ಲ. ಆ ದೇಶಕ್ಕೆ ಆಗ ಬೇಕಾಗಿದ್ದವರು ಮೇಷ್ಟ್ರು ಮತ್ತು ಮೇಡಮ್ಮುಗಳು. ಸಂಯೋಜಕರು ಬೇಕು ಎಂದು ಯಾರಿಗೂ ಅನ್ನಿಸಿರಲಿಲ್ಲ.

ನೊಬು ಹುಟ್ಟಿದ್ದು 1870ರ ಏಪ್ರಿಲ್‌ನಲ್ಲಿ, ಟೋಕಿಯೊದಲ್ಲಿ. ಅದಕ್ಕೆ ಎರಡು ವರ್ಷ ಹಿಂದೆಯಷ್ಟೇ ಶೋಗನ್ ಎನಿಸಿಕೊಂಡ ಸೇನಾಧಿಪತಿಗಳ ಆಳ್ವಿಕೆ ಮುಗಿದು ಮೈಜಿ ಚಕ್ರವರ್ತಿಯ ಹೊಸ ಸರ್ಕಾರ ಬಂದಿತ್ತು. ಕೋದಾ ಮನೆತನದವರು ತಲೆಮಾರುಗಳಿಂದ ಎದೊ (ಟೋಕಿಯೊದ ಹಳೆಯ ಹೆಸರು) ಕೋಟೆಯಲ್ಲಿ ಶೋಗನ್ನರ ಊಳಿಗದಲ್ಲಿದ್ದವರು. ಕೋಟೆಗೆ ಬರುವ ಪ್ರಭುಗಳಿಗೆ ಚಹಾ ಒದಗಿಸುವುದು, ಅವರ ಬೇಕುಬೇಡ ನೋಡಿಕೊಳ್ಳುವುದು ಅವರ ವಂಶಪಾರಂಪರ್ಯದ ಕೆಲಸ. ಆಳ್ವಿಕೆ ಬಿದ್ದ ದಿನವೇ ಅನ್ನದ ದಾರಿಯೂ ಹೋಯಿತು. ಇಂಥ ಮನೆಗಳ ಮಕ್ಕಳಿಗೆ ಆಸ್ತಿ ಇರಲಿಲ್ಲ, ಹೊಸ ವಿದ್ಯೆಯೊಂದೇ ಗತಿ. ಕೋದಾ ಮನೆಯ ಮಕ್ಕಳು ಆ ವಿದ್ಯೆಯನ್ನು ಹಿಡಿದ ರೀತಿ ಮಾತ್ರ ಅಸಾಧಾರಣ. ಒಬ್ಬ ಅಣ್ಣ ಗುಂಜಿ ಶಿಗೆತಾದಾ ನೌಕಾಪಡೆಯ ಅಧಿಕಾರಿಯಾಗಿ ಉತ್ತರದ ಕುರಿಲ್ ದ್ವೀಪಗಳಿಗೆ ದಂಡಯಾತ್ರೆಯಂಥ ಶೋಧಯಾತ್ರೆ ಹೊರಟವರು. ಇನ್ನೊಬ್ಬ ಅಣ್ಣ ತಂತಿ ಇಲಾಖೆಯ ನೌಕರಿ ಬಿಟ್ಟು ಬಂದು ಕೋದಾ ರೋಹನ್ ಎಂಬ ಹೆಸರಿನಲ್ಲಿ ಬರೆದು ಜಪಾನಿನ ದೊಡ್ಡ ಕಾದಂಬರಿಕಾರರಲ್ಲಿ ಒಬ್ಬರಾದರು. ತಮ್ಮ ಶಿಗೆತೊಮೊ ಇತಿಹಾಸಕಾರ. ಕಿರಿಯ ತಂಗಿ ಕೋ ಪಿಟೀಲು ವಿದುಷಿ. ಒಂದೇ ತಾಯಿಯ ಹೊಟ್ಟೆಯಲ್ಲಿ ಇಷ್ಟು ಮಂದಿ.

ಆ ತಾಯಿಗೆ ಸಂಗೀತ ಬರುತ್ತಿತ್ತು. ಕಾಬುಕಿ ನಾಟಕದ ಜೊತೆ ಬೆಳೆದ 'ನಾಗಾಉತಾ' ಎಂಬ ಹಾಡುಗಾರಿಕೆ, ಅದಕ್ಕೆ ಮೂರು ತಂತಿಯ ಶಾಮಿಸೆನ್ ವಾದ್ಯ. ನೊಬು ಚಿಕ್ಕಂದಿನಲ್ಲಿ ಕಲಿತದ್ದು ಇದನ್ನೇ. ಆಮೇಲೆ ಎಷ್ಟೇ ಬಾಕ್, ಬ್ರಾಮ್ಸ್ ಬಂದರೂ ಕಿವಿಗೆ ಮೊದಲು ಬಿದ್ದ ಸ್ವರಗಳು ಶಾಮಿಸೆನ್ನಿನವು.

ಇಲ್ಲಿ ಇಸಾವಾ ಶೂಜಿಯವರನ್ನು ಪರಿಚಯಿಸಬೇಕು. ಶಿಕ್ಷಕರ ತರಬೇತಿ ಹೇಗಿರುತ್ತದೆಂದು ಕಲಿತು ಬರಲು ಜಪಾನ್ ಸರ್ಕಾರ 1875ರಲ್ಲಿ ಅಮೆರಿಕಕ್ಕೆ ಕಳಿಸಿದ ಯುವಕ ಇವರು. ಮ್ಯಾಸಚೂಸೆಟ್ಸ್‌ನ ಬ್ರಿಜ್‌ವಾಟರ್‌ನಲ್ಲಿ ಎಲ್ಲ ಪಾಠಗಳೂ ಒಲಿದವು, ಹಾಡುಗಾರಿಕೆ ಮಾತ್ರ ಒಲಿಯಲಿಲ್ಲ. ಪಾಶ್ಚಾತ್ಯ ಮೇಜರ್ ಸ್ಕೇಲ್‌ನ ನಾಲ್ಕನೇ ಮತ್ತು ಏಳನೇ ಸ್ವರ ಎಷ್ಟು ಹೆಣಗಿದರೂ ಗಂಟಲಲ್ಲಿ ನಿಲ್ಲುತ್ತಿರಲಿಲ್ಲ. ಪ್ರಾಂಶುಪಾಲರು ಕನಿಕರಪಟ್ಟು, ಹಾಡು ಬಿಟ್ಟು ಉಳಿದದ್ದು ಕಲಿ ಸಾಕು ಎಂದರು. ಇಸಾವಾ ಅದಕ್ಕೆ ಒಪ್ಪದೆ ಸಂಕಟಪಟ್ಟು, ಬಾಸ್ಟನ್ನಿನ ಲೂಥರ್ ವೈಟಿಂಗ್ ಮೇಸನ್ ಎಂಬ ಸಂಗೀತ ಶಿಕ್ಷಕರನ್ನು ಹುಡುಕಿಕೊಂಡು ಹೋದರು.

ಆ ಎರಡು ಸ್ವರಗಳ ತೊಡಕು ಏನೆಂದು ಕರ್ನಾಟಕ ಸಂಗೀತ ಕೇಳುವವರಿಗೆ ಬೇಗ ಹೊಳೆಯುತ್ತದೆ. ಜಪಾನಿನ ಒಂದು ಮುಖ್ಯ ಸ್ವರಸಮೂಹಕ್ಕೆ ನಮ್ಮ ಮೋಹನ ರಾಗದ ಐದು ಸ್ವರಗಳೇ ಇವೆ: ಸ ರಿ ಗ ಪ ದ. ಮಧ್ಯಮವೂ ಇಲ್ಲ, ನಿಷಾದವೂ ಇಲ್ಲ. ಪಾಶ್ಚಾತ್ಯ ಮೇಜರ್ ಸ್ಕೇಲ್ ಎಂದರೆ ಹೆಚ್ಚುಕಡಿಮೆ ಶಂಕರಾಭರಣದ ಏಳು ಸ್ವರಗಳು. ಹುಟ್ಟಿದಾರಭ್ಯ ಮೋಹನವನ್ನೇ ಕೇಳಿ ಬೆಳೆದವರಿಗೆ ಇದ್ದಕ್ಕಿದ್ದಂತೆ ಶಂಕರಾಭರಣ ಹಾಡು ಎಂದರೆ ಗಂಟಲು ಗ ದಿಂದ ಪ ಗೆ, ದ ದಿಂದ ಮೇಲಿನ ಸ ಗೆ ತಾನಾಗಿ ಜಾರುತ್ತದೆ. ಇಸಾವಾ ಅನುಭವಿಸಿದ್ದು ಇದೇ. ಮುಂದೆ ಇಡೀ ದೇಶದ ಶಾಲಾಮಕ್ಕಳು ಅನುಭವಿಸಲಿದ್ದದ್ದೂ ಇದೇ.

ಇಸಾವಾ ಊರಿಗೆ ಮರಳಿದ ಮೇಲೆ 1879ರಲ್ಲಿ ಸರ್ಕಾರ ಸಂಗೀತ ಪರಿಶೀಲನೆಗೆಂದೇ ಒಂದು ಕಚೇರಿ ತೆರೆಯಿತು. 1880ರಲ್ಲಿ ಮೇಸನ್ ಟೋಕಿಯೊಗೆ ಬಂದಿಳಿದರು. ಇವರಿಬ್ಬರ ಗುರಿ ಕಛೇರಿ ಸಂಗೀತವಲ್ಲ, ಶಾಲಾಗೀತೆ. ಮಕ್ಕಳೆಲ್ಲ ಒಂದೇ ದನಿಯಲ್ಲಿ ಹಾಡಬೇಕು, ಹಾಡಿನ ಮೂಲಕ ಶಿಸ್ತು, ದೇಶಭಕ್ತಿ, ಆರೋಗ್ಯ ಬರಬೇಕು ಎಂಬುದು ಅವರ ಎಣಿಕೆ. ಸ್ಕಾಟ್ಲೆಂಡಿನ, ಜರ್ಮನಿಯ ಜನಪದ ಮಟ್ಟುಗಳಿಗೆ ಜಪಾನೀ ಸಾಹಿತ್ಯ ಹೊಂದಿಸಿ ಪುಸ್ತಕ ಮಾಡಿದರು. ಮೋಹನದ ಐದೇ ಸ್ವರಗಳಲ್ಲಿ ಓಡಾಡುವ ಸ್ಕಾಟಿಷ್ ಮಟ್ಟುಗಳು ಅಲ್ಲಿ ಬಹುಬೇಗ ಬೇರುಬಿಟ್ಟದ್ದು ಆಕಸ್ಮಿಕವಲ್ಲ.

ಮೇಸನ್ ಪಾಠ ಹೇಳುತ್ತಿದ್ದ ಶಾಲೆಗಳಲ್ಲಿ ಒಂದರಲ್ಲಿ ಹತ್ತು ವರ್ಷದ ನೊಬು ಇದ್ದಳು. ಹುಡುಗಿಯ ಕಿವಿ ಅವರ ಗಮನಕ್ಕೆ ಬಿತ್ತು. 1882ರಲ್ಲಿ ಮೇಸನ್ ಅಮೆರಿಕಕ್ಕೆ ಮರಳಿದರು. ಅದೇ ವರ್ಷ 12ರ ನೊಬು ಆ ಸಂಗೀತ ಕಚೇರಿಯ ವಿದ್ಯಾರ್ಥಿನಿಯಾದಳು. ಅಲ್ಲಿ ಪಿಯಾನೊ ಕಲಿಸುತ್ತಿದ್ದವರಲ್ಲಿ ನಾಗಾಯಿ ಶಿಗೆ ಎಂಬಾಕೆ ಇದ್ದರು. ಇವರದೇ ಒಂದು ದೊಡ್ಡ ಕಥೆ: 1871ರಲ್ಲಿ ಸರ್ಕಾರ ಅಮೆರಿಕಕ್ಕೆ ಓದಲು ಕಳಿಸಿದ ಐವರು ಪುಟ್ಟ ಹುಡುಗಿಯರಲ್ಲಿ ಒಬ್ಬರಾಗಿ ಹೋಗಿ, ವಾಸರ್ ಕಾಲೇಜಿನಲ್ಲಿ ಸಂಗೀತ ಓದಿ, ಹತ್ತು ವರ್ಷದ ಮೇಲೆ ಮರಳಿ ಬಂದವರು. ಅಂದರೆ ನೊಬುವಿಗೆ ಕಣ್ಣೆದುರೇ ಒಬ್ಬ ಹೆಂಗಸು ಪಿಯಾನೊ ಮುಂದೆ ಕೂತು ಕೆಲಸ ಮಾಡಿ ಸಂಬಳ ಪಡೆಯುವುದು ಕಾಣುತ್ತಿತ್ತು. ಆ ಕಾಲಕ್ಕೆ ಇದು ಸಣ್ಣ ಸಂಗತಿಯಲ್ಲ.

1885ರ ಜುಲೈಯಲ್ಲಿ ಪೂರ್ಣ ಪಠ್ಯ ಮುಗಿಸಿದ ಮೊದಲ ತಂಡ ಹೊರಬಿತ್ತು. ಮೂವರೇ. ಮೂವರೂ ಹುಡುಗಿಯರು. ನೊಬುವಿಗೆ ಆಗ 15.

ಮೂವರೂ ಹುಡುಗಿಯರೇ ಏಕೆ? ಸಮುರಾಯ್ ಮನೆತನದ ಗಂಡಸಿಗೆ ಹಾಡು, ಶಾಮಿಸೆನ್ ಎಂದರೆ ವಿನೋದದ ಬೀದಿಗಳ ನಂಟು, ಮರ್ಯಾದೆಗೆ ತಕ್ಕುದಲ್ಲ ಎಂಬ ಭಾವನೆ ಗಟ್ಟಿಯಾಗಿತ್ತು. ಓದಿದ ಗಂಡುಮಕ್ಕಳು ಕಾನೂನು, ವೈದ್ಯ, ಸೈನ್ಯ, ಎಂಜಿನಿಯರಿಂಗ್ ಎಂದು ಹೋದರು. ಹೆಣ್ಣುಮಕ್ಕಳಿಗೆ ಆ ಬಾಗಿಲುಗಳು ಮುಚ್ಚಿದ್ದವು. ಶಾಲಾ ಸಂಗೀತ ಶಿಕ್ಷಕಿ ಎಂಬುದು ಹೊಸದಾಗಿ ಹುಟ್ಟಿದ, ಗೌರವವೂ ಇದ್ದ, ಗಂಡಸರು ಮುಗಿಬೀಳದ ಕೆಲಸ. ಹೀಗಾಗಿ ಜಪಾನಿನಲ್ಲಿ ಪಾಶ್ಚಾತ್ಯ ಸಂಗೀತದ ಮೊದಲ ತಲೆಮಾರಿನ ದೊಡ್ಡ ಪಾಲು ಹೆಂಗಸರದು. ಈ ಕೆಲಸಕ್ಕೆ ಮರ್ಯಾದೆ, ಸಂಬಳ, ಅಧಿಕಾರ ಮೂರೂ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಆ ಮಾತಿಗೆ ಆಮೇಲೆ ಬರುತ್ತೇನೆ.

1887ರಲ್ಲಿ ಕಚೇರಿ ಟೋಕಿಯೊ ಸಂಗೀತ ಶಾಲೆಯಾಯಿತು. ಮರುವರ್ಷ ಆಸ್ಟ್ರಿಯಾದ ರುಡಾಲ್ಫ್ ಡಿಟ್ರಿಷ್ ಅಲ್ಲಿ ಪಾಠ ಹೇಳಲು ಬಂದರು. ನೊಬುವನ್ನು ಹೊರದೇಶಕ್ಕೆ ಕಳಿಸಬೇಕು ಎಂದು ಒತ್ತಾಯಿಸಿದವರಲ್ಲಿ ಅವರೂ ಒಬ್ಬರು. 1889ರಲ್ಲಿ ಶಿಕ್ಷಣ ಇಲಾಖೆ 19ರ ನೊಬು ಅವರನ್ನು ಸಂಗೀತ ಕಲಿಯಲೆಂದು ವಿದೇಶಕ್ಕೆ ಕಳಿಸಿತು. ಜಪಾನ್ ಸರ್ಕಾರದ ಖರ್ಚಿನಲ್ಲಿ ಸಂಗೀತಕ್ಕಾಗಿ ಹೊರಟ ಮೊದಲ ವಿದ್ಯಾರ್ಥಿ ಅವರು. ಬಾಸ್ಟನ್ನಿನ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿಯಲ್ಲಿ ಎಮಿಲ್ ಮಾರ್ ಅವರ ಬಳಿ ಒಂದು ವರ್ಷ ಪಿಟೀಲು ಪಾಠ. ಆಮೇಲೆ ಅಟ್ಲಾಂಟಿಕ್ ದಾಟಿ ವಿಯೆನ್ನಾ.

1890ರ ದಶಕದ ವಿಯೆನ್ನಾ ಎಂದರೆ ಏನೆಂದು ಒಂದು ಕ್ಷಣ ಕಲ್ಪಿಸಿಕೊಳ್ಳಬೇಕು. ಬ್ರಾಮ್ಸ್ ಇನ್ನೂ ಬದುಕಿದ್ದರು, ಅದೇ ಊರಿನಲ್ಲಿದ್ದರು. ಕನ್ಸರ್ವೇಟರಿಯಲ್ಲಿ ನೊಬು ಅವರಿಗೆ ಪಿಟೀಲು ಕಲಿಸಿದವರು ಕಿರಿಯ ಜೋಸೆಫ್ ಹೆಲ್ಮೆಸ್‌ಬರ್ಗರ್. ಸಂಯೋಜನೆ ಕಲಿಸಿದವರು ಬ್ರಾಮ್ಸ್ ಮೆಚ್ಚಿದ್ದ ರಾಬರ್ಟ್ ಫುಕ್ಸ್. ಫುಕ್ಸ್ ಅವರ ಶಿಷ್ಯರ ಪಟ್ಟಿಯಲ್ಲಿ ಗುಸ್ತಾವ್ ಮಾಹ್ಲರ್ ಇದ್ದಾರೆ, ಹ್ಯೂಗೊ ವುಲ್ಫ್ ಇದ್ದಾರೆ, ಸಿಬೆಲಿಯಸ್ ಇದ್ದಾರೆ. ನೊಬು ಇದ್ದ ವರ್ಷಗಳಲ್ಲೇ ಇದೇ ಇಬ್ಬರು ಗುರುಗಳ ಬಳಿ ರುಮೇನಿಯಾದ ಒಬ್ಬ ಪುಟ್ಟ ಬಾಲಕನೂ ಕಲಿಯುತ್ತಿದ್ದ. ಅವನು ಜಾರ್ಜ್ ಎನೆಸ್ಕು, ಮುಂದೆ ಯೆಹೂದಿ ಮೆನುಹಿನ್ ಅವರ ಗುರು. ನೊಬು ಅವರ ಪಾಠ ಯಾವ ಮಟ್ಟದ್ದು ಎಂಬುದಕ್ಕೆ ಇಷ್ಟು ಸಾಕು. ಜಪಾನಿನಿಂದ ಬಂದವಳೆಂದು ಅವರಿಗೆ ಸುಲಭದ ಪಠ್ಯ ಇರಲಿಲ್ಲ. ಹಾರ್ಮನಿ, ಕೌಂಟರ್‌ಪಾಯಿಂಟ್, ಪಿಟೀಲು, ಪಿಯಾನೊ, ಎಲ್ಲವನ್ನೂ ಜರ್ಮನ್ ಭಾಷೆಯಲ್ಲಿ ಕಲಿಯಬೇಕಿತ್ತು.

ಸೊನಾಟಾ ಹುಟ್ಟಿದ್ದು ಇಲ್ಲಿ. ಒಂದು ಸೊನಾಟಾ ಬರೆಯುವುದು ಎಂದರೆ ಏನು, ಅದು ಜಪಾನೀ ಕಿವಿಗೆ ಏಕೆ ಅಷ್ಟು ದೂರದ ಸಂಗತಿ ಎಂಬುದನ್ನು ತುಸು ಬಿಡಿಸಿ ಹೇಳುತ್ತೇನೆ. ಇಡೀ ಕಥೆಯ ತಿರುಳು ಇಲ್ಲಿದೆ ಎಂಬುದು ನನ್ನ ಎಣಿಕೆ.

ನಮ್ಮ ಕಛೇರಿಯಲ್ಲಿ ತಂಬೂರಿ ಒಂದು ಷಡ್ಜ ಹಿಡಿದುಕೊಂಡರೆ ಕೃತಿ ಮುಗಿಯುವವರೆಗೂ ಅದು ಅಲುಗಾಡುವುದಿಲ್ಲ. ಎಷ್ಟೇ ವಿಸ್ತಾರವಾದ ಆಲಾಪನೆ ಮಾಡಿದರೂ ಎಲ್ಲ ಸ್ವರಗಳೂ ಆ ಒಂದು ಸ ಗೆ ಲೆಕ್ಕ ಒಪ್ಪಿಸುತ್ತವೆ. ಸೊನಾಟಾದ ಮೊದಲ ಭಾಗದ ಜೀವಾಳವೇ ಬೇರೆ. ಅಲ್ಲಿ ಷಡ್ಜವೇ ಜಾಗ ಬದಲಿಸುತ್ತದೆ. ಇ-ಫ್ಲ್ಯಾಟ್ ಮೇಜರ್ ಸೊನಾಟಾ ಎಂದರೆ ಮೊದಲ ಮಟ್ಟು ಇ-ಫ್ಲ್ಯಾಟ್ ಅನ್ನು ಷಡ್ಜ ಮಾಡಿಕೊಂಡು ಶುರುವಾಗುತ್ತದೆ. ಪದ್ಧತಿಯ ಪ್ರಕಾರ ಸ್ವಲ್ಪ ಹೊತ್ತಿನಲ್ಲೇ ಸಂಗೀತ ಅಲ್ಲಿಂದ ಕಳಚಿಕೊಂಡು ಅದರ ಪಂಚಮವಾದ ಬಿ-ಫ್ಲ್ಯಾಟ್ ಅನ್ನೇ ಹೊಸ ಷಡ್ಜ ಮಾಡಿಕೊಳ್ಳುತ್ತದೆ. ಅಲ್ಲಿ ಇನ್ನೊಂದು ಮಟ್ಟು ಬರುತ್ತದೆ. ನಡುವಿನ ಭಾಗದಲ್ಲಿ ಮಟ್ಟುಗಳನ್ನು ತುಂಡರಿಸಿ, ಒಂದಾದ ಮೇಲೊಂದು ಷಡ್ಜದ ಮೇಲೆ ಕೂರಿಸಿ ಕೇಳುಗರಿಗೆ ಎಲ್ಲಿದ್ದೇವೆಂದು ತಿಳಿಯದಂತೆ ಮಾಡುತ್ತಾರೆ. ಕೊನೆಗೆ ಮೊದಲ ಷಡ್ಜ ಮರಳುತ್ತದೆ, ದೂರ ಹೋಗಿದ್ದ ಎರಡನೇ ಮಟ್ಟೂ ಈಗ ಅದೇ ಷಡ್ಜದಲ್ಲಿ ಕೇಳುತ್ತದೆ. ನಮ್ಮ ಗ್ರಹಭೇದದಲ್ಲಿ ವಿದ್ವಾಂಸರು ಕೆಲ ನಿಮಿಷ ಮಾಡಿ ತೋರಿಸುವ ಚಮತ್ಕಾರಕ್ಕೆ ಇದು ದೂರದ ನೆಂಟ, ಆದರೆ ಇಲ್ಲಿ ಅದೇ ಕಟ್ಟಡದ ಪಾಯ.

ಇದನ್ನು ಸಾಧಿಸುವುದು ಹಾರ್ಮನಿಯಿಂದ, ಅಂದರೆ ಏಕಕಾಲಕ್ಕೆ ಕೇಳುವ ಮೂರು ನಾಲ್ಕು ಸ್ವರಗಳ ಗೊಂಚಲುಗಳಿಂದ. ಯಾವ ಗೊಂಚಲಿನ ನಂತರ ಯಾವುದು ಬಂದರೆ ಷಡ್ಜ ಜರುಗಿದಂತೆ ಕಿವಿಗೆ ಅನ್ನಿಸುತ್ತದೆ ಎಂಬುದು ಯುರೋಪಿನವರು ಶತಮಾನಗಳ ಕಾಲ ತಿದ್ದಿ ತೀಡಿದ ಶಾಸ್ತ್ರ. ಈ ಜರುಗುವಿಕೆಯಲ್ಲಿ ಬಹುಮುಖ್ಯ ಕೆಲಸ ಮಾಡುವ ಸ್ವರಗಳು ಯಾವುವು ಗೊತ್ತೇ? ಮಧ್ಯಮ ಮತ್ತು ನಿಷಾದ. ಇಸಾವಾ ಅವರ ಗಂಟಲಲ್ಲಿ ನಿಲ್ಲದ ಅವೇ ಎರಡು ಸ್ವರಗಳು. ಅಮೆರಿಕದ ತರಗತಿಯಲ್ಲಿ ಇಸಾವಾ ತಡಬಡಾಯಿಸಿ ಸುಮಾರು 20 ವರ್ಷ ಕಳೆಯುವಷ್ಟರಲ್ಲಿ, ಅವರೇ ಕಟ್ಟಿದ ಶಾಲೆಯ ಹುಡುಗಿಯೊಬ್ಬಳು ಆ ಸ್ವರಗಳ ಮೇಲೆ ನಿಂತ ಸೊನಾಟಾ ಬರೆದಳು.

ಕೃತಿ ಕೇಳಿದವರಲ್ಲಿ ಕೆಲವರಿಗೆ ನಿರಾಶೆಯಾಗುತ್ತದೆ. ಜಪಾನಿನ ಸೊಗಡು ಎಲ್ಲಿ ಎಂದು ಕೇಳುತ್ತಾರೆ. ನಿಜ, ಅಲ್ಲಿ ಶಾಮಿಸೆನ್ ಇಲ್ಲ, ನಾಗಾಉತಾ ಇಲ್ಲ. ಆ ಬರವಣಿಗೆ ವಿಯೆನ್ನಾದ ದೊಡ್ಡವರ ಜಾಡಿನಲ್ಲಿ ನಡೆಯುತ್ತದೆ. ನನಗೆ ಈ ದೂರು ಸರಿಯೆನಿಸುವುದಿಲ್ಲ. ಕೀರ್ತನೆ ಕಲಿಯುವವರು ಮೊದಲು ಗುರು ಹೇಳಿಕೊಟ್ಟ ಪಾಠಾಂತರವನ್ನು ಚಾಚೂ ತಪ್ಪದೆ ಒಪ್ಪಿಸಲೇಬೇಕು, ಸ್ವಂತ ಮನೋಧರ್ಮ ಆಮೇಲಿನದು. ನೊಬು ಒಪ್ಪಿಸಿದ್ದು ಒಂದು ನಾಗರಿಕತೆಯ ಪಾಠಾಂತರವನ್ನು. ಅದನ್ನು ಕೇಳುವಾಗ ನಾವು ಕೇಳಬೇಕಾದ ಪ್ರಶ್ನೆ ಬೇರೆ: ಮನೋಧರ್ಮ ಅರಳುವ ಕಾಲ ಬಂದಾಗ ಆಕೆಗೆ ಏನಾಯಿತು?

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ನೊಬು ಈ ಸೊನಾಟಾ ಬರೆದ 1895ರಲ್ಲೇ ನಮ್ಮ ತಿರುಮಕೂಡಲಿನಲ್ಲಿ ಚೌಡಯ್ಯನವರು ಹುಟ್ಟಿದರು. ವಾದ್ಯ ಅದೇ ಪಿಟೀಲು. ದಕ್ಷಿಣ ಭಾರತದಲ್ಲಿ ಅದಕ್ಕೂ ನೂರು ವರ್ಷದಷ್ಟು ಹಿಂದೆಯೇ ಬಾಲುಸ್ವಾಮಿ ದೀಕ್ಷಿತರು ಮತ್ತಿತರರು ಯುರೋಪಿನ ವಾದ್ಯವನ್ನಷ್ಟೇ ತೆಗೆದುಕೊಂಡು, ಸಂಗೀತವನ್ನು ಬಿಟ್ಟು, ನೆಲದ ಮೇಲೆ ಕೂತು ಗಮಕ ನುಡಿಸಲು ಅದನ್ನು ಒಗ್ಗಿಸಿಕೊಂಡಿದ್ದರು. ಜಪಾನ್ ಹಿಡಿದದ್ದು ಬೇರೆ ದಾರಿ. ವಾದ್ಯದ ಜೊತೆ ಅದರ ಸಂಗೀತ, ಬರಹ, ಪಾಠಪಟ್ಟಿ, ಪರೀಕ್ಷೆ, ಸಭಾಂಗಣ ಎಲ್ಲವನ್ನೂ ಒಟ್ಟಿಗೆ ತಂದಿತು, ತಂದದ್ದು ಸರ್ಕಾರ. ಯಾವುದು ಮೇಲು ಎಂಬುದು ಇಲ್ಲಿನ ಮಾತಲ್ಲ. ಸರ್ಕಾರ ತಂದ ಸಂಗೀತ ಸರ್ಕಾರದ ಮರ್ಜಿಯಲ್ಲೇ ಬದುಕಬೇಕಾಗುತ್ತದೆ ಎಂಬುದನ್ನು ಮಾತ್ರ ಗಮನಿಸಬೇಕು.

ಆ ಮರ್ಜಿ ಎಷ್ಟು ಚಂಚಲ ಎಂಬುದು ನೊಬು ವಿದೇಶದಲ್ಲಿದ್ದಾಗಲೇ ಬಯಲಾಗಿತ್ತು. 1890ರಲ್ಲಿ ಟೋಕಿಯೊದ ಉಯೆನೊ ಬಡಾವಣೆಯಲ್ಲಿದ್ದ ಅದೇ ಸಂಗೀತ ಶಾಲೆಯಲ್ಲಿ ಸೋಗಾಕುದೊ ಎಂಬ ಮರದ ಸಭಾಂಗಣ ತಲೆಯೆತ್ತಿತು. ಪಾಶ್ಚಾತ್ಯ ಮಾದರಿಯ ಕಛೇರಿ ಸಭಾಂಗಣ ದೇಶದಲ್ಲಿ ಅದೇ ಮೊದಲು. ಅದೇ ವರ್ಷ ಹೊಸದಾಗಿ ಸಂಸತ್ತು ಸೇರಿತು. ಸೇರಿದ್ದೇ ತಡ, ಇಂಥ ಶಾಲೆಗೆ ಹಣ ಸುರಿಯುವುದೇಕೆ, ಮುಚ್ಚಿಬಿಡಿ ಎಂಬ ವಾದ ಎದ್ದಿತು. ಮುಚ್ಚಲಿಲ್ಲ. ಆದರೆ 1893ರಲ್ಲಿ ಶಾಲೆಯ ಸ್ವತಂತ್ರ ಸ್ಥಾನ ಕಿತ್ತು ಶಿಕ್ಷಕರ ತರಬೇತಿ ಕಾಲೇಜಿನ ಕೆಳಗೆ ಹಾಕಿದರು. ಮತ್ತೆ ಸ್ವತಂತ್ರವಾದದ್ದು 1899ರಲ್ಲಿ. ಅಂದರೆ 1895ರ ಕೊನೆಗೆ ನೊಬು ಮರಳಿ ಬಂದಾಗ ಕಾದಿದ್ದದ್ದು ಹಿಂಬಡ್ತಿ ಪಡೆದ, ತನ್ನ ಉಪಯೋಗವನ್ನು ವರ್ಷವರ್ಷವೂ ಸಾಬೀತು ಮಾಡಬೇಕಾಗಿದ್ದ ಒಂದು ಶಾಲೆ. ಅದರ ಉಪಯೋಗಕ್ಕೆ ಬದುಕಿರುವ ಸಾಕ್ಷಿ ನೊಬು ಅವರೇ ಆದರು.

1896ರ ಏಪ್ರಿಲ್‌ನಲ್ಲಿ ಉಯೆನೊದಲ್ಲಿ ನಡೆದ ಕಛೇರಿಯಲ್ಲಿ ಅವರು ಮೆಂಡೆಲ್ಸನ್ ಅವರ ಪಿಟೀಲು ಕನ್ಚೆರ್ಟೊದ (ಪಿಟೀಲೇ ಮುಂದಾಳಾಗಿರುವ ದೊಡ್ಡ ಕೃತಿ) ಮೊದಲ ಭಾಗ ನುಡಿಸಿದರು. ಅಷ್ಟಕ್ಕೇ ನಿಲ್ಲದೆ ಶೂಬರ್ಟ್, ಬ್ರಾಮ್ಸ್ ಅವರ ಹಾಡುಗಳನ್ನೂ ಹಾಡಿದರು. ಒಬ್ಬರೇ ವಾದಕಿ, ಒಬ್ಬರೇ ಗಾಯಕಿ. ಕೇಳಿದವರು ಬೆರಗಾದರು. ಇದು ಅವರ ಪ್ರತಿಭೆಯ ಗುರುತು ನಿಜ, ಜೊತೆಗೆ ಆ ದೇಶದಲ್ಲಿ ಆಗ ಇದ್ದ ಕೊರತೆಯ ಗುರುತೂ ಹೌದು. ಪಿಟೀಲಿಗೂ ಅವರೇ, ಪಿಯಾನೊಗೂ ಅವರೇ, ಹಾಡಿಗೂ ಅವರೇ, ಹಾರ್ಮನಿ ಪಾಠಕ್ಕೂ ಅವರೇ. ಸರ್ಕಾರದ ದುಡ್ಡಿನಲ್ಲಿ ಹೋದವರು ಕಲಿತದ್ದನ್ನೆಲ್ಲ ಕಲಿಸಿ ಋಣ ತೀರಿಸಬೇಕಿತ್ತು.

ಹಾಗೆ ಕಲಿಸಿದ ಫಲವನ್ನು ನೋಡಿ. ತಾಕಿ ರೆಂತಾರೊ ಅವರ ಶಿಷ್ಯ. 1912ರಲ್ಲಿ ಬರ್ಲಿನ್ನಿನಲ್ಲಿ ಓದುತ್ತ ಜಪಾನಿನ ಮೊದಲ ಸಿಂಫನಿ, ಅಂದರೆ ಇಡೀ ವಾದ್ಯವೃಂದಕ್ಕೆಂದು ರಚಿಸುವ ದೊಡ್ಡ ಕೃತಿ, ಬರೆದ ಯಾಮಾದಾ ಕೋಸಾಕು ಅವರ ಶಿಷ್ಯ. ಇಟಲಿಯ ಪುಚ್ಚಿನಿಯ ಗೀತನಾಟಕದ ಜಪಾನೀ ನಾಯಕಿ ಬಟರ್‌ಫ್ಲೈ ಪಾತ್ರವನ್ನು ಲಂಡನ್, ಅಮೆರಿಕಗಳಲ್ಲಿ ಹಾಡಿ ಜಗತ್ತಿಗೆಲ್ಲ ಪರಿಚಿತರಾದ ಮಿಉರಾ ತಾಮಾಕಿ ಅವರ ಶಿಷ್ಯೆ. ಪಿಯಾನೊ ವಿದುಷಿ ಕುನೊ ಹಿಸಾ ಅವರ ಶಿಷ್ಯೆ. ಮೊದಲ ಪಾಠಗಳಿಂದ ಅಕ್ಕನ ಗರಡಿಯಲ್ಲೇ ಬೆಳೆದ ತಂಗಿ ಕೋ 1899ರಲ್ಲಿ ಸರ್ಕಾರದ ವಿದ್ಯಾರ್ಥಿನಿಯಾಗಿ ಬರ್ಲಿನ್ನಿಗೆ ಹೋಗಿ, ಯುರೋಪಿನ ಪಿಟೀಲು ಸಾರ್ವಭೌಮ ಜೋಸೆಫ್ ಯೋವಾಖಿಮ್ ಅವರ ಶಾಲೆಯಲ್ಲಿ ಕಲಿತು 1903ರಲ್ಲಿ ಮರಳಿದರು. ಒಂದು ದೇಶದ ಸಂಗೀತದ ವಂಶವೃಕ್ಷ ಬರೆಯಲು ಕೂತರೆ ಎಲ್ಲ ಕೊಂಬೆಗಳೂ ಒಬ್ಬರ ತರಗತಿಗೆ ಬಂದು ಸೇರುತ್ತವೆ.

ಸಂಯೋಜನೆ? 1897ರಲ್ಲಿ ಡಿ ಮೈನರ್ ಶ್ರುತಿಯಲ್ಲಿ ಎರಡನೇ ಪಿಟೀಲು ಸೊನಾಟಾ ಶುರು ಮಾಡಿದರು. ಅದರಲ್ಲಿ ಒಂದೇ ಒಂದು ಭಾಗ ಉಳಿದಿದೆ. ಮೊದಲನೆಯದಕ್ಕಿಂತ ಇದರಲ್ಲಿ ಭಾವ ಹೆಚ್ಚು ಕಾವೇರಿದೆ, ಬರೆಯುವವರ ಸ್ವಂತ ದನಿ ಹೆಚ್ಚು ಹತ್ತಿರ ಬಂದಿದೆ ಎಂದು ನನಗೆ ಅನ್ನಿಸುತ್ತದೆ. ಆಮೇಲೆ ಸೊನಾಟಾ ಇಲ್ಲ. ಏಕಿಲ್ಲ ಎಂಬುದಕ್ಕೆ ಅವರ ದಿನಚರಿಯ ಆಚೆಗೂ ಕಾರಣ ಕಾಣುತ್ತದೆ. ಇಂಥ ಕೃತಿ ಬರೆದರೆ ಅದನ್ನು ಅಚ್ಚು ಮಾಡುವ ಪ್ರಕಾಶಕರು ಟೋಕಿಯೊದಲ್ಲಿ ಇರಲಿಲ್ಲ, ದುಡ್ಡು ಕೊಟ್ಟು ಕೇಳುವ ಕೇಳುಗರ ಬಳಗ ಇರಲಿಲ್ಲ. ನುಡಿಸಬಲ್ಲವರು ಬೆರಳೆಣಿಕೆ, ಅವರೂ ಆಕೆಯ ಶಿಷ್ಯರೇ. ವಿಯೆನ್ನಾದಲ್ಲಿ ಸೊನಾಟಾ ಬರೆದರೆ ಗುರು ತಿದ್ದುತ್ತಾರೆ, ಸಹಪಾಠಿ ನುಡಿಸುತ್ತಾನೆ, ಪಕ್ಕದ ಬೀದಿಯಲ್ಲಿ ಬ್ರಾಮ್ಸ್ ಇರುತ್ತಾರೆ. ಟೋಕಿಯೊದಲ್ಲಿ ಅದನ್ನು ಓದಿ ಹೌದು, ಅಲ್ಲ ಎನ್ನುವ ಸಮಾನರೇ ಇರಲಿಲ್ಲ. ಶಾಲಾಗೀತೆ ಬರೆಯಿರಿ ಎಂದು ಕೇಳಿಕೊಂಡು ಬರುವವರು ಇದ್ದರು. ಅವರಿಗೆ ನೊಬು ಬರೆದುಕೊಟ್ಟರು. ತಾಕಿಯಂಥವರ ಹಾಡುಗಳು ಉಳಿದದ್ದೂ ಶಾಲೆಗಳ ಮೂಲಕವೇ. ಮಕ್ಕಳು ಹಾಡಬಲ್ಲದ್ದು ಉಳಿಯಿತು, ಇಬ್ಬರು ನುರಿತ ವಾದಕರು ಬೇಕಾದ ಸೊನಾಟಾ ಉಳಿಯಲಿಲ್ಲ.

ಇನ್ನು ಬಾಕಿಯಿಟ್ಟ ಮಾತು. ಹೊಸ ಶತಮಾನದ ಹೊತ್ತಿಗೆ ನೊಬು ಶಾಲೆಯ ಪ್ರಾಧ್ಯಾಪಕಿ. ದೇಶದಲ್ಲೇ ಅತಿ ಹೆಚ್ಚು ಸಂಬಳ ಪಡೆಯುವ ಹೆಂಗಸರ ಸಾಲಿನಲ್ಲಿ ಅವರ ಹೆಸರಿತ್ತು. ಮದುವೆಯಾಗಲಿಲ್ಲ. ಅವರ ಮಾತಿಗೆ ಶಾಲೆಯಲ್ಲಿ ತೂಕವಿತ್ತು. ಇಷ್ಟರಲ್ಲಿ ಸಂಗೀತ ಗಂಡಸರೂ ಹಂಬಲಿಸುವ ಹುದ್ದೆಯಾಗಿತ್ತು. ಪತ್ರಿಕೆಗಳು ಅವರನ್ನು ಉಯೆನೊದ ರಾಜಮಾತೆ ಎಂದು ಕರೆಯತೊಡಗಿದವು. ಚೀನಾವನ್ನು ಪರದೆಯ ಹಿಂದಿನಿಂದ ಆಳಿದ ಸಿಶಿ ರಾಜಮಾತೆಗೆ ಹೋಲಿಸಿದ ಈ ಅಡ್ಡಹೆಸರಿನಲ್ಲಿ ಗೌರವ ಇರಲಿಲ್ಲ. ವಿದೇಶಿ ಅಧ್ಯಾಪಕರ ಜೊತೆ ಹೆಸರು ಸೇರಿಸಿ ಗಾಳಿಮಾತು ಹಬ್ಬಿಸಿದರು. ಅಕ್ಕತಂಗಿಯರಿಬ್ಬರೂ ಒಂದೇ ಶಾಲೆಯಲ್ಲಿದ್ದದ್ದನ್ನೂ ಆಡಿಕೊಂಡರು. 1907ರಲ್ಲಿ ಶಾಲೆಗೆ ಹೊಸ ಮುಖ್ಯಸ್ಥರು ಬಂದ ಮೇಲೆ ಒಳಗಿನ ಗಾಳಿಯೂ ಎದುರಾಯಿತು. ಗಂಡಸು ಶಾಲೆ ಕಟ್ಟಿದರೆ ಸಂಸ್ಥಾಪಕ. ಹೆಂಗಸು ಅದನ್ನೇ ಮಾಡಿದರೆ ದರ್ಬಾರು ಎಂದರು.

1909ರಲ್ಲಿ, 39ನೇ ವಯಸ್ಸಿನಲ್ಲಿ, ನೊಬು ರಜೆಯ ಮೇಲೆ ಶಾಲೆಯಿಂದ ಹೊರನಡೆದರು. ಹೊರನಡೆಯುವಂತೆ ಮಾಡಿದರು ಎನ್ನುವುದು ಹೆಚ್ಚು ಸರಿ. ಅಲ್ಲಿಂದ ನೇರ ಯುರೋಪಿಗೆ. ಬರ್ಲಿನ್, ವಿಯೆನ್ನಾ, ಪ್ಯಾರಿಸ್, ಲಂಡನ್ ಎಂದು ತಿರುಗುತ್ತ ಬಂದ ಆ ಯಾತ್ರೆಯ ದಿನಚರಿ ಉಳಿದುಕೊಂಡಿದೆ, ಇತ್ತೀಚಿನ ವರ್ಷಗಳಲ್ಲಿ ಅದು ಜಪಾನೀ ಭಾಷೆಯಲ್ಲಿ ಪುಸ್ತಕವಾಗಿಯೂ ಬಂದಿದೆ. ಅಷ್ಟೆಲ್ಲ ಕೆಸರೆರಚಾಟದ ನಂತರವೂ ಆಕೆ ಹೋದದ್ದು ಸಂಗೀತ ಕೇಳಲು, ಶಾಲೆಗಳು ಹೇಗೆ ನಡೆಯುತ್ತವೆಂದು ನೋಡಲು. ಈ ಸಂಗತಿ ನನ್ನ ಮನಸ್ಸನ್ನು ಬಹಳ ಕಲಕುತ್ತದೆ.

1910ರಲ್ಲಿ ಮರಳಿ ಬಂದವರು ಟೋಕಿಯೊದ ಕಿಒಯಿಚೊದಲ್ಲಿ ಮನೆಯಲ್ಲೇ ಪಾಠ ಶುರು ಮಾಡಿದರು. ಮನೆಪಾಠ ಎಂದರೆ ಸಣ್ಣದು ಎಂದುಕೊಳ್ಳಬಾರದು. ಅರಮನೆಯ ಮಕ್ಕಳಿಂದ ಹಿಡಿದು ಹೊಸ ಮಧ್ಯಮ ವರ್ಗದ ಹೆಣ್ಣುಮಕ್ಕಳವರೆಗೆ ಅವರ ಬಳಿ ಪಿಯಾನೊ ಕಲಿತರು. ಸರ್ಕಾರಿ ಶಾಲೆಯ ಆವರಣದಲ್ಲಿದ್ದ ಸಂಗೀತ ಮನೆಗಳ ಪಡಸಾಲೆಗೆ ನಡೆದದ್ದು ಇಂಥ ಪಾಠಗಳಿಂದ. 1918ರಲ್ಲಿ ಮನೆಯ ಆವರಣದಲ್ಲೇ ಒಂದು ಪುಟ್ಟ ಕಛೇರಿ ಸಭಾಂಗಣ ಕಟ್ಟಿಸಿದರು.

ಅದಕ್ಕೂ ಮೊದಲು, 1915ರಲ್ಲಿ, ತೈಶೊ ಚಕ್ರವರ್ತಿಯ ಪಟ್ಟಾಭಿಷೇಕದ ಸಂದರ್ಭಕ್ಕೆ ವೃಂದಗಾನ ಮತ್ತು ವಾದ್ಯವೃಂದಕ್ಕೆ ಒಂದು ದೊಡ್ಡ ಕೃತಿ ಬರೆದರು. ವಿಯೆನ್ನಾದ ಪಾಠ 20 ವರ್ಷ ಬಳಸದೆ ಬಿದ್ದಿದ್ದರೂ ತುಕ್ಕು ಹಿಡಿದಿರಲಿಲ್ಲ. ಒಂದು ಅವಕಾಶ, ಒಂದು ವಾದ್ಯವೃಂದ ಸಿಕ್ಕಿದ್ದೇ ಸಾಕಾಯಿತು. 20 ವರ್ಷದಲ್ಲಿ ಇಂಥ ಅವಕಾಶ ಐದಾರು ಸಲ ಸಿಕ್ಕಿದ್ದರೆ ಜಪಾನಿನ ಸಂಗೀತದ ಇತಿಹಾಸ ಬೇರೆ ಥರ ಇರುತ್ತಿತ್ತು ಎಂದು ನಾನು ನಂಬಿದ್ದೇನೆ.

ಗೌರವ ತಡವಾಗಿ ಬಂತು. 1937ರಲ್ಲಿ ಇಂಪೀರಿಯಲ್ ಕಲಾ ಅಕಾಡೆಮಿಯ ಸದಸ್ಯರಾಗಿ ನೊಬು ಆಯ್ಕೆಯಾದರು. ಆ ಮರ್ಯಾದೆ ಪಡೆದ ಮೊದಲ ಮಹಿಳೆ. ಆಗ ವಯಸ್ಸು 67. ತಂಗಿ ಕೋ ಮದುವೆಯಾಗಿ ಅಂದೊ ಕೋ ಆಗಿ, ಮಕ್ಕಳನ್ನು ಸಾಕುತ್ತಲೇ ಉಯೆನೊದಲ್ಲಿ ಪಾಠ ಮುಂದುವರಿಸಿ, 1942ರಲ್ಲಿ ಅದೇ ಅಕಾಡೆಮಿ ಸೇರಿದರು. ಯುದ್ಧ ಮುಗಿದ ಮರುವರ್ಷ, 1946ರ ಜೂನ್ 14ರಂದು, 76ರ ವಯಸ್ಸಿನಲ್ಲಿ ನೊಬು ತೀರಿಕೊಂಡರು. ಮರುವರ್ಷ ಅಣ್ಣ ರೋಹನ್ ಕೂಡ ಹೋದರು. ಕೋ 1963ರವರೆಗೆ ಬದುಕಿದ್ದರು.

ಈಗ ಎರಡೂ ಸೊನಾಟಾಗಳ ಧ್ವನಿಮುದ್ರಣಗಳು ಸಿಗುತ್ತವೆ, ಅಂತರ್ಜಾಲದಲ್ಲಿ ಹುಡುಕಿ ಕೇಳಬಹುದು. ಪಾಶ್ಚಾತ್ಯ ಸಂಗೀತದ ಅಭ್ಯಾಸವಿಲ್ಲದವರು ಒಂದು ಕೆಲಸ ಮಾಡಿ. ಇ-ಫ್ಲ್ಯಾಟ್ ಸೊನಾಟಾದ ಮೊದಲ ಭಾಗ ಶುರುವಾದಾಗ ಅದರ ಷಡ್ಜವನ್ನು ಮೆಲ್ಲಗೆ ಗುನುಗುತ್ತ ಕೇಳುತ್ತ ಹೋಗಿ. ಒಂದು ಹಂತದಲ್ಲಿ ನಿಮ್ಮ ಗುನುಗು ಸಂಗೀತಕ್ಕೆ ಹೊಂದದೆ ಕಿರಿಕಿರಿಯಾಗತೊಡಗುತ್ತದೆ. ಷಡ್ಜ ಜಾಗ ಬಿಟ್ಟಿದೆ ಎಂದು ಅರ್ಥ. ಗುನುಗನ್ನು ಬದಲಿಸಬೇಡಿ, ಕೊನೆಯವರೆಗೂ ಹಿಡಿದುಕೊಂಡಿರಿ. ಮೊದಲ ಮಟ್ಟು ಮರಳಿ ಬಂದಾಗ ಅದು ಮತ್ತೆ ಹೊಂದಿಕೊಳ್ಳುತ್ತದೆ. ಡಿ ಮೈನರ್ ಸೊನಾಟಾವನ್ನು ಅದರ ನಂತರ ಕೇಳಿ, ಎರಡೇ ವರ್ಷದಲ್ಲಿ ಬರವಣಿಗೆ ಎಷ್ಟು ದೂರ ಬಂದಿತ್ತು ಎಂಬುದು ಆಗ ತಿಳಿಯುತ್ತದೆ.